ಗಿರಿಜತ್ತೆಯ ಕಪ್ಪುರಂಧ್ರ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅತ್ತೆಯ ಮನೆಗೆ ಹೋದ ಸಂಜೆ ಮಳೆ ಹನಿಯುತ್ತಿತ್ತೆಂದು ನನ್ನ ನೆನಪು. ಆದರೆ ಆ ವರ್ಷದ ದಿನಚರಿಯಲ್ಲಿ ಆ ತಾರೀಖಿನ ಕೆಳಗೆ ಇರುವುದು ಬಿಸಿಲು, ತಲೆನೋವು, ಇಷ್ಟೇ. ದಿನಚರಿಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಬರೆಯಬೇಕಾದ್ದು ಕೈಗೆ ಬಾರದಿದ್ದಾಗ ಹವಾಮಾನ ಬರೆದು ಮುಗಿಸುವ ಚಾಳಿ ನನಗೆ ಆಗಲೇ ಇತ್ತು.

ಕಳೆದ ತಿಂಗಳು ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಲಿಫ್ಟು ಮೇಲಕ್ಕೆ ಹೋಗುವ ಬದಲು ನನ್ನನ್ನು ನೆಲಮಾಳಿಗೆಗೆ ಇಳಿಸಿತು. ಬಾಗಿಲು ತೆರೆದದ್ದೇ ಫಿನಾಯಿಲು, ಏಸಿಯ ಥಂಡಿ, ಎಂದೂ ಬಿಸಿಲು ಕಾಣದ ಸಿಮೆಂಟು, ಮೂರೂ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಹದಿನೇಳು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇದೇ ವಾಸನೆಯಲ್ಲಿ ಕೂತು ಗಿರಿಜತ್ತೆಗಾಗಿ ಕಾದಿದ್ದೆ. ಅದು ಎರಡು ಸಾವಿರದ ಎಂಟನೇ ಇಸವಿ. ಟಿವಿಯವರು ಭೂಮಿ ಮುಳುಗುತ್ತದೆ ಎಂದಿದ್ದ ವರ್ಷ. ನಾನು ಭೌತಶಾಸ್ತ್ರದ ಎಂಎಸ್ಸಿಯಲ್ಲಿದ್ದೆ.

ಗಿರಿಜತ್ತೆ ಅಪ್ಪನ ಅಕ್ಕ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಕೃಷ್ಣಮೂರ್ತಿಪುರಂನಲ್ಲಿ ಮಗ ಮಹೇಶಣ್ಣನ ಜೊತೆ ಇದ್ದರು. ಅನುಮಾನ ಅವರ ಹುಟ್ಟುಗುಣ ಎಂದು ನೆಂಟರು ಹೇಳುತ್ತಿದ್ದರು. ನನಗೆ ಅದು ವೃತ್ತಿಗುಣ ಅನ್ನಿಸುತ್ತಿತ್ತು. ತರಕಾರಿಯವನ ತಕ್ಕಡಿ, ಕ್ಯಾಲೆಂಡರಿನ ರಾಹುಕಾಲ, ಮಠದ ಸ್ವಾಮಿಗಳ ಪ್ರವಚನ, ಎಲ್ಲಕ್ಕೂ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಸ್ಟೆಪ್ಪು ತೋರ್ಸು. ಉತ್ತರ ಯಾರು ಬೇಕಾದ್ರೂ ಬರೀತಾರೆ."

ಆ ವರ್ಷ ಜುಲೈಯಲ್ಲೋ ಆಗಸ್ಟಿನಲ್ಲೋ ಅವರ ಎದೆಯಲ್ಲಿ ಗಂಟು ಕಾಣಿಸಿಕೊಂಡು, ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಅದು ಕ್ಯಾನ್ಸರ್ ಎಂದು ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರಿಗೂ ಹೇಳಲಾಯಿತು. ಇದು ನಮ್ಮ ಮನೆಯ ವಿಶೇಷವೇನಲ್ಲ. ಆಗ ಯಾವ ಮನೆಯಲ್ಲೂ ರೋಗಿಗೆ ಆ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಧೈರ್ಯ ಹೋಗುತ್ತದೆ, ಧೈರ್ಯ ಹೋದರೆ ಆಯಸ್ಸು ಹೋಗುತ್ತದೆ ಎಂದು ಲೆಕ್ಕ. ಮಹೇಶಣ್ಣ ಮೆಡಿಕಲ್ ರೆಪ್. ಡಾಕ್ಟರ ಭಾಷೆ ಅವನಿಗೆ ಬರುತ್ತಿತ್ತು, ಸಹಿಯನ್ನೂ ಅವನೇ ಹಾಕಿದ.

ಒಂದು ಭಾನುವಾರ ಅವನು ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದ. ಅತ್ತೆ ಕೇಳಿದರೆ ಏನು ಹೇಳಬೇಕು ಅನ್ನುವುದನ್ನು ಪಾಠ ಒಪ್ಪಿಸುವ ಹಾಗೆ ಹೇಳಿದ. "ಸಣ್ಣ ಗೆಡ್ಡೆ, ತೆಗೆದಾಯ್ತು, ಮುಂಜಾಗ್ರತೆಗೆ ಒಂದಷ್ಟು ಕರೆಂಟು. ಇಷ್ಟೇ. ಹೆಚ್ಚೂ ಬೇಡ ಕಮ್ಮೀನೂ ಬೇಡ." ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಕರೆಂಟು ಕೊಡುವುದು ಎನ್ನುತ್ತಾರೆ. ಅಮ್ಮನಿಂದ ಕೊರಳಿನ ಲಿಂಗದ ಕರಡಿಗೆ ಮುಟ್ಟಿಸಿ ಮಾತು ತೆಗೆದುಕೊಂಡ. ಅಪ್ಪನಿಂದಲೂ ತೆಗೆದುಕೊಂಡ. ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ, ಎಲ್ಲವೂ ಕೇಳಿಸಿತು. ಹೊರಡುವಾಗ ಅವನು ಬಾಗಿಲಲ್ಲಿ ನಿಂತು ನನ್ನ ವಿಷಯ ಹೇಳಿದ್ದು ಕೂಡ: "ವಾಣಿ ಹತ್ರ ನೀವೇ ಮಾತು ತಗೊಂಡ್ಬುಡಿ ಮಾವ. ಅವಳು ವಾದ ಮಾಡ್ತಾಳೆ, ನಂಗಾಗಲ್ಲ."

ಅಪ್ಪ "ಹೂಂ" ಅಂದರು. ಅಂಚೆ ಕಚೇರಿಯಲ್ಲಿದ್ದ ಅಪ್ಪನಿಗೆ ಆ ಒಂದಕ್ಷರದಲ್ಲಿ ದಿನವೆಲ್ಲ ಸಾಗಿಸುವ ಅಭ್ಯಾಸ.

ಗಾಯ ಮಾಗಿದ ಮೇಲೆ ಅತ್ತೆಯನ್ನು ಕರೆಂಟು ಕೊಡುವ ಆಸ್ಪತ್ರೆಗೆ ಗುರುತು ಹಾಕಿಸಲು ಕರೆದುಕೊಂಡು ಹೋದರು. ಕರೆಂಟು ಬೀಳಬೇಕಾದ ಜಾಗಕ್ಕೆ ಚರ್ಮದ ಮೇಲೆ ನೇರಳೆ ಶಾಯಿಯ ಗೆರೆ ಎಳೆಯುತ್ತಾರೆ. ಮುಗಿಯುವ ತನಕ ಅದನ್ನು ಸೋಪು ಹಾಕಿ ತೊಳೆಯುವಂತಿಲ್ಲ. ವಾರಕ್ಕೆ ಐದು ದಿನದಂತೆ ಐದಾರು ವಾರ, ತಡ ಮಾಡಬೇಡಿ ಎಂದು ಡಾಕ್ಟರು ಮಹೇಶಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಆದರೆ ಶುರುವಾಗಬೇಕಿದ್ದ ದಿನ ಬೆಳಿಗ್ಗೆ ಅತ್ತೆ ಆಟೋ ಹತ್ತಲಿಲ್ಲ. "ನಾನು ಬರಲ್ಲ ಕಣೋ" ಅಂದು ಒಳಗೆ ಹೋಗಿ ಹುರುಳಿಕಾಯಿ ಸೋಸುತ್ತಾ ಕೂತರಂತೆ.

ಇಷ್ಟಲಿಂಗ ತೆಗೆಯಬೇಕಲ್ಲ, ಅದಕ್ಕೇ ಬೇಜಾರು ಎಂದು ನೆಂಟರೆಲ್ಲ ತೀರ್ಮಾನ ಮಾಡಿದರು. ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಅತ್ತೆ ಸ್ನಾನಕ್ಕೂ ಬಿಚ್ಚಿದವರಲ್ಲ. ಮಹೇಶಣ್ಣ ಮಠಕ್ಕೆ ಹೋಗಿ, ಲಿಂಗವನ್ನು ತೋಳಿಗೆ ಕಟ್ಟಿಕೊಂಡರೂ ಆಗುತ್ತದೆ ಎಂದು ಸ್ವಾಮಿಗಳಿಂದ ಹೇಳಿಸಿಕೊಂಡು ಬಂದ. ಅತ್ತೆ ನಕ್ಕುಬಿಟ್ಟರು. "ಅದು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ತೋಳಿಗೆ ಕಟ್ಟೋಕೆ ದಾರ ಆಗಲೇ ಹೊಸೆದು ಇಟ್ಟಿದೀನಿ." ಹಾಗಾದರೆ ಯಾಕಮ್ಮ ಬರಲ್ಲ ಅಂದದ್ದಕ್ಕೆ, ನೆಲಮಾಳಿಗೆಯ ಆ ಕೋಣೆಯ ಬಾಗಿಲ ಮೇಲೆ ಏನು ಬರೆದಿದೆ ನೋಡಿದೆಯಾ ಎಂದು ಕೇಳಿದರು. ಲೀನಿಯರ್ ಆಕ್ಸಿಲರೇಟರ್ ಎಂದು ಬರೆದಿತ್ತು. ಆ ಎರಡನೇ ಪದವನ್ನು ಅವರು ವಾರದಿಂದ ಟಿವಿಯಲ್ಲಿ ಕೇಳುತ್ತಿದ್ದರು.

ಆ ಸೆಪ್ಟೆಂಬರನ್ನು ನೋಡಿದವರಿಗೆ ನೆನಪಿರುತ್ತದೆ. ಜಿನೀವಾದ ಹತ್ತಿರ, ನೆಲದಡಿಯಲ್ಲಿ, ಒಂದು ಊರನ್ನೇ ಸುತ್ತುವಷ್ಟು ದೊಡ್ಡ ಬಳೆಯಂಥ ಸುರಂಗ. ಅದರಲ್ಲಿ ಪ್ರೋಟಾನುಗಳನ್ನು ಓಡಿಸಿ ಎದುರುಬದುರು ಢಿಕ್ಕಿ ಹೊಡೆಸುವ ಯಂತ್ರ ಶುರುವಾಗುವುದಿತ್ತು. ಢಿಕ್ಕಿಯಲ್ಲಿ ಸೂಕ್ಷ್ಮವಾದ ಕಪ್ಪುರಂಧ್ರ ಹುಟ್ಟಬಹುದು, ಅದು ಬೆಳೆದು ಭೂಮಿಯನ್ನೇ ನುಂಗಬಹುದು ಎಂದು ಚಾನೆಲ್ಲುಗಳು ದಿನವಿಡೀ ತೋರಿಸುತ್ತಿದ್ದವು. ಭೂಗೋಳ ಚಪಾತಿ ಹಿಟ್ಟಿನ ಹಾಗೆ ಮುದುಡಿ ಕರಿ ತೂತಿನೊಳಗೆ ಇಳಿಯುವ ಚಿತ್ರ. ಪಕ್ಕದಲ್ಲಿ ಒಬ್ಬ ಜ್ಯೋತಿಷಿ. ನಮ್ಮ ಬೀದಿಯ ಪದ್ಮಮ್ಮ ಕಾಂಪೌಂಡಿನ ಆಚೆಯಿಂದ ಅಮ್ಮನನ್ನು ಕೇಳಿದರು, "ನಾಳೆ ಪ್ರಳಯ ಅಂತಾರಲ್ಲ ಕಣ್ರೀ, ಇಡ್ಲಿಗೆ ನೆನೆಹಾಕಿದೀನಿ. ರುಬ್ಬದಾ ಬುಡದಾ?" ಅಮ್ಮ, "ರುಬ್ಬಿ ಇಡಿ, ಉಳುದ್ರೆ ತಿನ್ನೋಣ" ಅಂದಳು.

ನನಗೂ ಅನುಮಾನವಿತ್ತು. ಈಗ ಯಾರಾದರೂ ಕೇಳಿದರೆ ಆಗ ನಕ್ಕಿದ್ದೆ ಎಂದು ಹೇಳಿಕೊಳ್ಳುತ್ತೇನೆ. ನಕ್ಕಿರಲಾರೆ. ನಮ್ಮ ಪ್ರೊಫೆಸರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ ಎರಡು ಸಲ ಕೇಳಿದ್ದೆ.

ಅಪ್ಪ ನನ್ನನ್ನು ಅತ್ತೆಯ ಮನೆಗೆ ಕಳಿಸಿದ್ದು ಯಂತ್ರ ಶುರುವಾಗುವ ಹಿಂದಿನ ದಿನ ಇರಬೇಕು. "ನೀನು ಫಿಸಿಕ್ಸ್ ಓದ್ತಿದ್ದೀಯ. ಹೋಗು, ಅಕ್ಕ ಕೇಳಿದ್ದಕ್ಕೆ ಉತ್ತರ ಹೇಳಿ ಬಾ" ಅಂದರು. ಮಹೇಶಣ್ಣನೂ ಫೋನಿನಲ್ಲಿ ಗೋಗರೆದ. "ಎರಡಕ್ಕೂ ಸಂಬಂಧನೇ ಇಲ್ಲ ಅಂತ ಹೇಳ್ಬುಡು ತಾಯಿ. ನೀನು ಹೇಳಿದ್ರೆ ನಂಬ್ತಾರೆ." ಬಸ್ಸು ದಸರೆಯ ಆನೆಗಳ ತಾಲೀಮಿಗೆ ಸಿಕ್ಕಿಕೊಂಡು ಅರಮನೆಯ ಹತ್ತಿರ ನಿಂತುಬಿಟ್ಟಿತ್ತು. ಆನೆಗಳು ಆ ವರ್ಷದವೋ, ಬೇರೆ ವರ್ಷದಿಂದ ಬಂದು ಈ ನೆನಪಿನೊಳಗೆ ಸೇರಿಕೊಂಡವೋ, ಖಾತ್ರಿಯಿಲ್ಲ.

ಅತ್ತೆ ನಡುಮನೆಯಲ್ಲಿ ಒಬ್ಬರೇ ಇದ್ದರು. ಟಿವಿ ಶಬ್ದವಿಲ್ಲದೆ ಓಡುತ್ತಿತ್ತು. ನಾನು ಕೂರುವ ಮೊದಲೇ ಕೇಳಿದರು.

"ಆ ಯಂತ್ರ, ಈ ಯಂತ್ರ, ಎರಡೂ ಒಂದೇ ಜಾತಿನಾ?"

ಇಲ್ಲ ಅನ್ನಬೇಕಿತ್ತು. ಆದರೆ ಎರಡು ದಿನದ ಹಿಂದಷ್ಟೇ ಆ ಪಾಠ ಓದಿದ್ದೆ. "ಒಂದೇ ಜಾತಿ ಅತ್ತೆ. ಎರಡೂ ಕಣಗಳನ್ನ ಜೋರಾಗಿ ತಳ್ಳುತ್ತವೆ. ಆಸ್ಪತ್ರೇದು ಎಲೆಕ್ಟ್ರಾನನ್ನ ಒಂದು ಮಾರುದ್ದ ಕೊಳವೇಲಿ ತಳ್ಳಿ ಒಂದು ಲೋಹದ ತುಂಡಿಗೆ ಹೊಡೆಸುತ್ತೆ, ಅದರಿಂದ ಎಕ್ಸ್‌-ರೇ ಬರುತ್ತೆ. ಅಲ್ಲೀದು ಪ್ರೋಟಾನನ್ನ ಸುತ್ತು ಹೊಡೆಸುತ್ತೆ. ಜೋರು ಮಾತ್ರ ಇದಕ್ಕಿಂತ ಹತ್ತು ಲಕ್ಷ ಪಟ್ಟು."

ಅತ್ತೆಯ ಮುಖದಲ್ಲಿ ಏನೋ ಸಡಿಲವಾಯಿತು. ಭಯ ಜಾಸ್ತಿಯಾಯಿತೆಂದೇ ಆಗ ಅಂದುಕೊಂಡೆ.

"ಎಲ್ರೂ ಬೇರೆ ಬೇರೆ ಅಂದ್ರು. ಸರಿ, ದೊಡ್ಡದ್ರಲ್ಲಿ ತೂತು ಹುಟ್ಟುತ್ತೋ ಇಲ್ವೋ?"

"ನಮಗೆ ಗೊತ್ತಿರೋ ಲೆಕ್ಕದ ಪ್ರಕಾರ ಹುಟ್ಟಲ್ಲ. ಅಷ್ಟು ಶಕ್ತಿ ಅದಕ್ಕೆ ಏನೇನೂ ಸಾಲದು. ಆದ್ರೆ ನಮಗೆ ಕಾಣದ ಇನ್ನಷ್ಟು ಆಯಾಮಗಳು ಇದ್ದು, ಗುರುತ್ವ ಅದರೊಳಗೆ ಸೋರಿಹೋಗ್ತಿದ್ರೆ, ಆಗ ಹುಟ್ಟಬಹುದು ಅಂತ ಕೆಲವರು ಬರೆದಿದ್ದಾರೆ. ಹುಟ್ಟಿದ್ರೂ ಪರಮಾಣುಗಿಂತ ಎಷ್ಟೋ ಸಣ್ಣದು. ಹುಟ್ಟಿದ ಗಳಿಗೇಲೇ ಆವಿಯಾಗಿ ಹೋಗುತ್ತೆ."

"ಆವಿ ಆಗಿದ್ದನ್ನ ಯಾರಾದ್ರೂ ನೋಡಿದಾರಾ?"

"ಇಲ್ಲ. ಲೆಕ್ಕ ಮಾತ್ರ."

"ಅಪಾಯ ಇಲ್ಲ ಅಂತ ಲೆಕ್ಕ ಹಾಕಿದೋರು ಯಾರು?"

"ಆ ಯಂತ್ರದ ಕಡೆಯವರೇ ವಿಜ್ಞಾನಿಗಳನ್ನ ಕೂರಿಸಿ ವರದಿ ಮಾಡಿಸಿದ್ರು."

"ಚೆನ್ನಾಗಿದೆ. ಪೇಪರ್ ಸೆಟ್ ಮಾಡಿದೋರೇ ವ್ಯಾಲ್ಯುಯೇಷನ್ನೂ ಮಾಡ್ಕೊಂಡ್ರಾ?"

ನಾನು ಬಿಡಲಿಲ್ಲ. ಆಕಾಶದಿಂದ ವಿಶ್ವಕಿರಣಗಳು ಬೀಳುತ್ತಲೇ ಇರುತ್ತವೆ, ಕೆಲವು ಆ ಯಂತ್ರಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಭೂಮಿಗೆ, ಚಂದ್ರನಿಗೆ ಹೊಡೆಯುತ್ತವೆ, ಕೋಟ್ಯಂತರ ವರ್ಷದಿಂದ ಹೊಡೆದರೂ ಎರಡೂ ಹಾಗೇ ಇವೆ ಎಂದೆ. ಆ ಪ್ರಯೋಗ ಯಾರೂ ಮಾಡಿಸಿದ್ದಲ್ಲ, ಅದರ ಫಲಿತಾಂಶ ಯಾರೂ ತಿದ್ದುವಂತಿಲ್ಲ ಎಂದೆ. ಅತ್ತೆ ಕೈಯೆತ್ತಿ ತಡೆದರು.

"ಒಂದು ನಿಮಿಷ ಇರು. ಮೇಲಿಂದ ಬಂದದ್ದು ಓಡ್ಕೊಂಡು ಬಂದು ನಿಂತಿರೋದಕ್ಕೆ ಹೊಡೆಯುತ್ತೆ. ಅದ್ರಲ್ಲಿ ತೂತು ಹುಟ್ಟಿದ್ರೆ ಅದೇ ರಭಸದಲ್ಲಿ ಭೂಮಿ ದಾಟಿ ಆಚೆ ಹೋಗ್ಬುಡುತ್ತೆ. ಎದುರುಬದುರು ಹೊಡೆದದ್ದು ಅಂಗಲ್ಲ. ಅದು ಇಲ್ಲೇ ಉಳ್ಕೊಳ್ಳಲ್ವಾ?"

ಪ್ರೊಫೆಸರನ್ನು ನಾನು ಎರಡನೇ ಸಲ ಅಡ್ಡಗಟ್ಟಿದ್ದು ಇದೇ ಪ್ರಶ್ನೆಗೆ. ಅವರು ಹೇಳಿದ್ದನ್ನೇ ಹೇಳಿದೆ. ಆಕಾಶದಲ್ಲಿ ಕುಗ್ಗಿ ಕುಗ್ಗಿ ಗಟ್ಟಿಯಾದ ನಕ್ಷತ್ರಗಳಿವೆ. ಒಂದು ಚಮಚೆ ತೆಗೆದರೆ ಲಾರಿಯಷ್ಟು ತೂಕ. ಅವುಗಳೊಳಗೆ ಹೊಕ್ಕದ್ದು ಎಷ್ಟೇ ರಭಸದ್ದಾದರೂ ಆಚೆ ಬರಲಾರದು. ಅಂಥ ತೂತು ನುಂಗುವಂಥದ್ದೇ ಆಗಿದ್ದರೆ ಆ ನಕ್ಷತ್ರಗಳು ಎಂದೋ ಮಾಯವಾಗಬೇಕಿತ್ತು. ಅವು ಇನ್ನೂ ಕಾಣುತ್ತಿವೆ.

"ಇದು ಸ್ಟೆಪ್ಪು" ಅಂದರು ಅತ್ತೆ. "ಹಾಗಾದ್ರೆ ಸೊನ್ನೆ ಅನ್ನು. ಅಪಾಯ ಸೊನ್ನೆ."

ಅನ್ನಲಾಗಲಿಲ್ಲ. ಸೊನ್ನೆ ಅನ್ನುವುದು ಪುಸ್ತಕದಲ್ಲಿ ಇರುತ್ತದೆ, ಪ್ರಯೋಗದಲ್ಲಿ ಇರುವುದಿಲ್ಲ ಎಂದು ನಮಗೆ ಕಲಿಸಿದ್ದರು. "ಸೊನ್ನೆ ಅಂತ ಯಾರೂ ಬರೆದುಕೊಡಲ್ಲ ಅತ್ತೆ. ಆದ್ರೆ ನಾನು ನಾಳೆ ಕ್ಲಾಸಿಗೆ ಹೋಗ್ತೀನಿ. ನಾಳೆ ಢಿಕ್ಕಿ ಕೂಡ ಇಲ್ಲ, ಸುಮ್ನೆ ಒಂದು ಸುತ್ತು ಓಡಿಸಿ ನೋಡ್ತಾರೆ ಅಷ್ಟೆ."

"ಟಿವಿಯೋನಿಗೆ ಅದು ಗೊತ್ತಿಲ್ವಾ?"

"ಗೊತ್ತಿದ್ರೂ ಹೇಳಲ್ಲ."

"ಅದೇ ನೋಡು" ಅಂದರು. "ಗೊತ್ತಿದ್ರೂ ಹೇಳಲ್ಲ."

ಆಗ ನನ್ನ ಕಣ್ಣಿಗೆ ಬಿದ್ದದ್ದು, ಕುಪ್ಪಸದ ಕತ್ತಿನ ಅಂಚಿನಿಂದ ಆಚೆ ಇಣುಕುತ್ತಿದ್ದ ನೇರಳೆ ಗೆರೆ. ಹಾಕಿ ವಾರವಾಗಿದ್ದರೂ ಮಾಸಿರಲಿಲ್ಲ. ಕರೆಂಟಿಗೆ ಹೋಗುವುದೇ ಇಲ್ಲ ಎಂದು ಕೂತವರು ದಿನವೂ ಆ ಗೆರೆಗೆ ನೀರು ತಾಗದ ಹಾಗೆ ಮೈ ತೊಳೆದುಕೊಳ್ಳುತ್ತಿದ್ದರು. ನಾನು ನೋಡಿದ್ದನ್ನು ಅತ್ತೆ ನೋಡಿದರು. ಸೆರಗು ಎಳೆದುಕೊಂಡರು.

"ವಾಣಿ, ನಾನು ಇಷ್ಟು ವರ್ಷ ಪೇಪರ್ ತಿದ್ದಿದೀನಿ. ಐದು ಹುಡುಗರು ಸರಿ ಉತ್ತರ ಬರೆದ್ರೆ ಕಾಪಿ ಅನ್ನಕ್ಕಾಗಲ್ಲ. ಐದೂ ಪೇಪರ್‌ನಲ್ಲಿ ಒಂದೇ ತಪ್ಪು, ಅದೇ ಪದದಲ್ಲಿ ಇದ್ರೆ ಕಾಪಿ. ಮಹೇಶ, ಅವನ ಹೆಂಡ್ತಿ, ನಿಮ್ಮಮ್ಮ, ಆಸ್ಪತ್ರೆ ನರ್ಸು, ಕೊನೆಗೆ ನಿಮ್ಮಪ್ಪ. ಸಣ್ಣ ಗೆಡ್ಡೆ, ತೆಗೆದಾಯ್ತು, ಮುಂಜಾಗ್ರತೆಗೆ ಒಂದಷ್ಟು ಕರೆಂಟು. ಒಂದು ಕಾಮಾ ಆಚೀಚೆ ಇಲ್ಲ. ಅದಕ್ಕೇ ಈ ಯಂತ್ರದ್ದು ಅಂತ ಸಿಲೆಬಸ್ಸಿನ ಆಚೆ ಪ್ರಶ್ನೆ ಕೇಳಿ ನೋಡಿದೆ. ಅದಕ್ಕೂ ಎಲ್ರೂ ಏನೂ ಆಗಲ್ಲ ಅಂದ್ರು. ನೀನೊಬ್ಳು ಸೊನ್ನೆ ಅಲ್ಲ ಅಂದೆ. ಈಗ ಹೇಳು. ಇಲ್ಲಿ ಇದ್ದದ್ದು ಏನು?"

ಇಲ್ಲಿಂದ ನನ್ನ ನೆನಪು ಕೈಕೊಡುತ್ತದೆ. "ಕ್ಯಾನ್ಸರ್ ಅತ್ತೆ. ತೆಗೆದಿದ್ದಾರೆ. ಅಕ್ಕಪಕ್ಕ ಏನಾದ್ರೂ ಉಳಿದಿದ್ರೆ ಅಂತ ಈ ಕರೆಂಟು" ಎಂದು ಹೇಳಿದ ನನ್ನ ದನಿ ಒಮ್ಮೊಮ್ಮೆ ಸ್ಪಷ್ಟವಾಗಿ ಕೇಳಿಸುತ್ತದೆ. ಒಮ್ಮೊಮ್ಮೆ ನಾನು ತಲೆ ತಗ್ಗಿಸಿ ಕೂತದ್ದು, ಅತ್ತೆಯೇ ಆ ಪದ ಹೇಳಿದ್ದು ಕಾಣಿಸುತ್ತದೆ. ಅತ್ತೆಯನ್ನು ಆಮೇಲೆ ಕೇಳಿದೆ. "ನೀನೇ ಹೇಳ್ದೆ" ಎಂದು ಒಂದು ಸಲ, "ನಿನ್ನ ಮುಖ ಹೇಳ್ತು" ಎಂದು ಇನ್ನೊಂದು ಸಲ ಅಂದರು. ಅವರ ನೆನಪನ್ನೂ ನಂಬುವ ಹಾಗಿಲ್ಲ. ಅನುಮಾನವೇ ಇಲ್ಲದೆ ನೆನಪಿರುವುದು ಅವರು ಆಮೇಲೆ ಆಡಿದ ಮಾತು.

"ಉಳಿದಿರಬಹುದು. ಸೊನ್ನೆ ಅಲ್ಲ, ಅಲ್ವಾ?"

"ಸೊನ್ನೆ ಅಲ್ಲ. ಆದ್ರೆ ಕರೆಂಟು ತಗೊಂಡ್ರೆ ತುಂಬಾ ಕಮ್ಮಿ ಆಗುತ್ತೆ."

"ಹಾಗನ್ನು. ಅದಕ್ಕೊಂದು ಅರ್ಥ ಇದೆ. ಗೊತ್ತಿಲ್ದೇ ಇರೋದಕ್ಕೆ ಆ ಕತ್ಲೆ ಕೋಣೇಲಿ ಒಬ್ಳೇ ಹೋಗಿ ಮಲಗು ಅಂದ್ರೆ ಹೆಂಗೆ ಮಲಗಲಿ?" ಎದ್ದು ಟಿವಿ ಆರಿಸಿ, "ನಾಳೆ ಲೋಕ ಉಳುದ್ರೆ ನಾಡಿದ್ದು ಬೆಳಿಗ್ಗೆ ಬಾ. ಮಹೇಶ ಬೇಡ. ಅವನು ದಾರಿಯುದ್ದಕ್ಕೂ ಧೈರ್ಯ ಹೇಳ್ತಾನೆ" ಅಂದರು.

ಲೋಕ ಉಳಿಯಿತು. ಪದ್ಮಮ್ಮನ ಮನೆಯ ಇಡ್ಲಿ ನಮ್ಮ ಮನೆಗೂ ಬಂತು. ಅದರ ಮಾರನೆಯ ಬೆಳಿಗ್ಗೆ ಅತ್ತೆ ಕರಡಿಗೆಯನ್ನು ಎಡ ತೋಳಿಗೆ ಹೊಸೆದ ದಾರದಲ್ಲಿ ಕಟ್ಟಿಕೊಂಡು, ವಿಭೂತಿ ಹಚ್ಚಿಕೊಂಡು, ನನ್ನ ಜೊತೆ ಆ ನೆಲಮಾಳಿಗೆಗೆ ಇಳಿದರು. ಗೋಡೆಗಳು ಕೋಟೆಯಷ್ಟು ದಪ್ಪ, ಬಾಗಿಲು ತಾನಾಗಿ ನಿಧಾನವಾಗಿ ಮುಚ್ಚಿಕೊಳ್ಳುವಂಥದ್ದು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಆ ಲೋಹದ ತುಂಡು, ಆ ಎಲೆಕ್ಟ್ರಾನು, ಎಲ್ಲವನ್ನೂ ಪರೀಕ್ಷೆಯಲ್ಲಿ ಬರೆಯಬಲ್ಲವಳಾಗಿದ್ದೆ. ಆದರೂ ಬಾಗಿಲು ಮುಚ್ಚಿದ್ದಷ್ಟು ಹೊತ್ತು ಅದನ್ನು ಅನುಮಾನದಿಂದಲೇ ನೋಡುತ್ತಿದ್ದೆ. ಅತ್ತೆ ಹೊರಗೆ ಬಂದು, "ಸುತ್ತ ತಿರುಗಿ ಒಂದೇ ಸಮ ಗುಂಯ್ ಅಂತು, ಅಷ್ಟೇ ಕಣೇ. ನಿಮ್ಮ ಟಿವಿಯೋರು ಇದಕ್ಕಿಂತ ಜೋರು ಗದ್ದಲ ಮಾಡ್ತಾರೆ" ಅಂದರು.

ಮಹೇಶಣ್ಣ ಅಂದು ಸಂಜೆಯೇ ನಮ್ಮ ಮನೆಗೆ ಬಂದ. ತನ್ನಮ್ಮ ಹೋಗಲು ಒಪ್ಪಿದ್ದು ಅವನಿಗೆ ಸಂತೋಷವಾಗಿತ್ತು, ಹೇಗೆ ಒಪ್ಪಿದಳೆಂಬುದು ಗೊತ್ತಾಗಿ ಸಿಟ್ಟು ಬಂದಿತ್ತು. ಎರಡರಲ್ಲಿ ಯಾವುದನ್ನು ಮೊದಲು ಆಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ನಮ್ಮಮ್ಮಂಗೆ ಏನಾದ್ರೂ ಆದ್ರೆ ನೀನೇ ಜವಾಬ್ದಾರಿ ಕಣೇ! ಎಲ್ರೂ ಮಾತು ಕೊಟ್ಟಿದ್ರು. ನೀನೂ ಕೊಟ್ಟಿದ್ದೆ!"

"ನನ್ನನ್ನ ಯಾರೂ ಕೇಳಲೇ ಇಲ್ಲ" ಎಂದೆ.

ಅವನು ಅಪ್ಪನ ಕಡೆ ತಿರುಗಿದ. ಅಪ್ಪ ಪೇಪರ್ ಓದುತ್ತಿದ್ದರು. ಎದ್ದು, "ಬಾರೋ, ಕಾಫಿ ಕುಡಿ" ಎಂದು ಅವನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದರು.

ಕೆಲವೇ ದಿನಗಳಲ್ಲಿ ಜಿನೀವಾದ ಆ ಯಂತ್ರ ಕೆಟ್ಟು ನಿಂತಿತು. ಅತ್ತೆಗೆ ಅದೊಂದು ಖುಷಿ. "ಹತ್ತು ಲಕ್ಷ ಪಟ್ಟಿಂದು ಕೆಟ್ಟೋಯ್ತಂತೆ, ನಮ್ದು ನಡೀತಿದೆ" ಎಂದು ನೆಲಮಾಳಿಗೆಯ ಬೆಂಚಿನಲ್ಲಿ ಪಕ್ಕದವರಿಗೆಲ್ಲ ಹೇಳುತ್ತಿದ್ದರು. ಪಿತೃಪಕ್ಷ ಕಳೆಯಿತು, ದಸರೆ ಕಳೆಯಿತು. ಜಂಬೂ ಸವಾರಿಯ ಹೊತ್ತಿಗೆ ಅವರ ಎದೆಯ ಚರ್ಮ ಕೆಂಪಗೆ ಸುಟ್ಟಂತಾಗಿತ್ತು. ದೀಪಾವಳಿಯ ಹೊತ್ತಿಗೆ ಎಲ್ಲ ಮುಗಿದು ಕರಡಿಗೆ ತನ್ನ ಜಾಗಕ್ಕೆ ಬಂತು. ಯಂತ್ರ ರಿಪೇರಿಯಾಗಿ ಮುಂದೆ ವರ್ಷಗಟ್ಟಲೆ ಢಿಕ್ಕಿ ಹೊಡೆಸಿತು. ಕಪ್ಪುರಂಧ್ರ ಹುಡುಕಿದವರಿಗೆ ಇದುವರೆಗೆ ಒಂದೂ ಸಿಕ್ಕಿಲ್ಲ. ಸಿಕ್ಕಿಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ವ್ಯತ್ಯಾಸವಿದೆ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅವರು ಆಕಳಿಸುತ್ತಾರೆ.

ಅತ್ತೆ ಈಗ ಒಂಟಿಕೊಪ್ಪಲಿನಲ್ಲಿದ್ದಾರೆ. ಮಹೇಶಣ್ಣ ಅಲ್ಲಿ ಮನೆ ಮಾಡಿ ಹತ್ತು ವರ್ಷವಾಗುತ್ತ ಬಂತು. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತಾರೆ, ರಿಪೋರ್ಟನ್ನು ಮೊದಲು ತಾವೇ ಓದುತ್ತಾರೆ.

ಆಸ್ಪತ್ರೆಯಿಂದ ವಾಪಸ್ಸು ಬಂದ ದಿನದಿಂದ ನಾನು ಯೋಚಿಸುತ್ತಿರುವುದು ಅತ್ತೆಯ ವಿಷಯವಲ್ಲ. ಸತ್ಯ ಹೇಳಿದವಳು ನಾನು ಎಂದು ಇಷ್ಟು ವರ್ಷ ಒಳಗೊಳಗೇ ಬೀಗಿದ್ದೆ. ಈಗ ಅದರ ಮೇಲೂ ಅನುಮಾನ. ಮನೆಯಲ್ಲಿ ಮಾತು ಕೊಡದೆ ಉಳಿದಿದ್ದವಳು ನಾನೊಬ್ಬಳೇ. ನನ್ನಿಂದ ಮಾತು ತೆಗೆದುಕೊಳ್ಳುವ ಕೆಲಸ ಅಪ್ಪನದಾಗಿತ್ತು, ಅಪ್ಪ ಹೂಂ ಅಂದಿದ್ದರು. ತಾವು ಕೊಟ್ಟ ಮಾತನ್ನು ಮುರಿಯುವವರಲ್ಲ ಅವರು. ಅಕ್ಕನ ಹತ್ತಿರ ಹೋಗಿ ಮಹೇಶಣ್ಣನ ಪಾಠವನ್ನು ಒಪ್ಪಿಸಿಯೂ ಬಂದಿದ್ದರು. ಅಷ್ಟಾದ ಮೇಲೆ, ಸುಳ್ಳು ಹೇಳು ಎಂದು ಒಂದು ಸಲವೂ ಹೇಳದೆ, ವಾದ ಮಾಡುವವಳೆಂದು ಎಲ್ಲರಿಗೂ ಗೊತ್ತಿದ್ದ ಮಗಳನ್ನು ಒಬ್ಬಳನ್ನೇ ಬಸ್ಸು ಹತ್ತಿಸಿದರು.

ಹೋದ ವಾರ ಅಪ್ಪ ಅಂಗಳದಲ್ಲಿ ದಾಸವಾಳದ ಗಿಡಕ್ಕೆ ಕಟ್ಟೆ ಕಟ್ಟುತ್ತಿದ್ದರು. ಬಿಸಿಲಿತ್ತು, ಇದನ್ನು ಅಂದೇ ಬರೆದಿಟ್ಟಿದ್ದೇನೆ. ಪಕ್ಕದಲ್ಲಿ ಕೂತು ಕೇಳಿಬಿಟ್ಟೆ. ಅವರ ಕೈ ಮಣ್ಣಿನಲ್ಲೇ ನಿಂತಿತು, ಮತ್ತೆ ಕೆಲಸಕ್ಕೆ ತೊಡಗಿತು. ಎಂಥದ್ದಕ್ಕೂ ಬರುವ ಹೂಂ ಅವತ್ತು ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಪ್ಪ, ಆವತ್ತು ನನ್ನ ಹತ್ರ ಮಾತು ತಗೊಳ್ಳೋದನ್ನ ನೀವು ಮರೆತ್ರಾ, ಬೇಕಂತಲೇ ಬಿಟ್ರಾ?"